ಜಾಕ್ಸನ್ ಕೌಂಟಿ ಕೋರ್ಟ್‌ಹೌಸ್, 1934: ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಇಂಥ ಕಟ್ಟಡ ಹೇಗೆ ಎದ್ದಿತು?

ಹಳೇಕಟ್ಟಡ_ಕೆಸಿ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನನಗೆ ಜ್ಯೂರಿ ಡ್ಯೂಟಿಯ (ಕೋರ್ಟಿನಲ್ಲಿ ತೀರ್ಪುಗಾರರ ಗುಂಪಿನಲ್ಲಿ ಕೂರುವ ಕೆಲಸ) ಕಾಗದ ಬಂತು. ಇಲ್ಲಿಯ ಪೌರತ್ವ ತೆಗೆದುಕೊಂಡ ಮೇಲೆ ಇದೇ ಮೊದಲ ಸಲ. ಎಲ್ಲಿ ತಡವಾಗುತ್ತದೋ ಅಂತ ಹೆದರಿ ಮುಕ್ಕಾಲು ಗಂಟೆ ಮೊದಲೇ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿ ಡೌನ್‌ಟೌನ್ ತಲುಪಿಬಿಟ್ಟೆ. ಮಾಡಲು ಬೇರೆ ಕೆಲಸ ಇರಲಿಲ್ಲ. 12ನೇ ಬೀದಿಯ ಫುಟ್‌ಪಾತ್ ಮೇಲೆ ನಿಂತು ಕೋರ್ಟ್‌ಹೌಸನ್ನು ಕತ್ತೆತ್ತಿ ನೋಡಿದೆ. ಹನ್ನೊಂದು ವರ್ಷದಿಂದ ಈ ಊರಲ್ಲಿದ್ದೇನೆ, ಒಂದು ದಿನವೂ ಹಾಗೆ ನಿಂತು ನೋಡಿರಲಿಲ್ಲ.

ಗುಮ್ಮಟ ಇಲ್ಲ. ಗಡಿಯಾರದ ಗೋಪುರ ಇಲ್ಲ. ಕೆಳಗೆ ಅಗಲ, ಮೇಲೆ ಹೋಗುತ್ತಾ ಮೆಟ್ಟಿಲು ಮೆಟ್ಟಿಲಾಗಿ ಒಳಗೆ ಸರಿಯುವ ತಿಳಿಬಣ್ಣದ ಕಲ್ಲಿನ ಕಟ್ಟಡ. ಕಿಟಕಿಗಳು ಒಂದರ ಮೇಲೊಂದು ಸಾಲಾಗಿ ಉದ್ದ ಪಟ್ಟಿಯ ಹಾಗೆ ಮೇಲಕ್ಕೆ ಹೋಗುತ್ತವೆ. ನಡುವಿನ ಕಲ್ಲಿನ ಕಂಬಗಳು ಎಲ್ಲೂ ತುಂಡಾಗುವುದಿಲ್ಲ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಆ ಕಂಬಗಳ ನೆರಳು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಎದುರಿಗೆ ಕುದುರೆ ಏರಿದ ಆಂಡ್ರ್ಯೂ ಜಾಕ್ಸನ್‌ನ ಕಂಚಿನ ಪ್ರತಿಮೆ.

ಮನೆಗೆ ಬಂದ ಮೇಲೆ ಓದುತ್ತಾ ಕೂತೆ. ಇದನ್ನು ಕಟ್ಟಿಸಿದ್ದು ಹ್ಯಾರಿ ಟ್ರೂಮನ್. ಹೌದು, ಆಮೇಲೆ ಅಧ್ಯಕ್ಷನಾದ ಅದೇ ಟ್ರೂಮನ್. ಆಗ ಆತ ಈ ಕೌಂಟಿಯ, ಅಂದರೆ ಜಿಲ್ಲೆಯ, ಪ್ರಿಸೈಡಿಂಗ್ ಜಡ್ಜ್. ಕಟ್ಟಡ ಹೇಗಿರಬೇಕು ಅಂತ ತಿಳಿಯಲು ತನ್ನ ಸ್ವಂತ ಕಾರು ತೆಗೆದುಕೊಂಡು, ಸ್ವಂತ ಖರ್ಚಿನಲ್ಲಿ, ಒಟ್ಟು 24,000 ಮೈಲಿ ಓಡಾಡಿದನಂತೆ. ಶ್ರೀವ್‌ಪೋರ್ಟ್, ಡೆನ್ವರ್, ಹ್ಯೂಸ್ಟನ್, ರೆಸೀನ್, ಮಿಲ್ವಾಕಿ, ಬಫಲೋ, ಬ್ರೂಕ್ಲಿನ್, ಲಿಂಕನ್, ಬ್ಯಾಟನ್ ರೂಜ್. ಹೋದಲ್ಲೆಲ್ಲ ಹೊಸ ಸರ್ಕಾರಿ ಕಟ್ಟಡ ನೋಡುವುದು, ಆರ್ಕಿಟೆಕ್ಟ್ ಜೊತೆ ಮಾತಾಡುವುದು, ಕಾಂಟ್ರಾಕ್ಟರ್ ಜೊತೆ ಮಾತಾಡುವುದು. ಕೊನೆಗೆ ಲೂಸಿಯಾನದ ಶ್ರೀವ್‌ಪೋರ್ಟ್‌ನ ಕ್ಯಾಡೋ ಪ್ಯಾರಿಷ್ ಕೋರ್ಟ್‌ಹೌಸ್ ಬಹಳ ಹಿಡಿಸಿತು. ಅದರ ಆರ್ಕಿಟೆಕ್ಟ್ ಎಡ್ವರ್ಡ್ ನೀಲ್ಡ್ ಅವರನ್ನೇ ಸಲಹೆಗಾರರಾಗಿ ಕರೆತಂದ. ಊರಿನ ಕಡೆಯಿಂದ ವೈಟ್ ಅಂಡ್ ವೈಟ್, ಕೀನ್ ಅಂಡ್ ಸಿಂಪ್ಸನ್, ಫ್ರೆಡರಿಕ್ ಗನ್ ಅನ್ನುವ ಆರ್ಕಿಟೆಕ್ಟ್‌ಗಳು ಕೆಲಸ ಮಾಡಿದರು.

ಒಂದು ವಿಷಯ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಟ್ರೂಮನ್ 1919ರಲ್ಲಿ ಗೆಳೆಯನ ಜೊತೆ ಗಂಡಸರ ಬಟ್ಟೆ ಅಂಗಡಿ ಹಾಕಿದ್ದ. 1922ರಲ್ಲಿ ಅದು ಮುಳುಗಿತು. ಸಾಲ ತೀರಿಸಲು ವರ್ಷಗಟ್ಟಲೆ ಹಿಡಿಯಿತು. ಆ ಅಂಗಡಿ ಇದ್ದದ್ದೂ ಇದೇ 12ನೇ ಬೀದಿಯಲ್ಲಿ. ಅದು ಪಶ್ಚಿಮ ಭಾಗ, ಕೋರ್ಟ್‌ಹೌಸ್ ಪೂರ್ವ ಭಾಗ. ಅಂಗಡಿ ಮುಚ್ಚಿದ ಬೀದಿಯಲ್ಲೇ ಹನ್ನೆರಡು ವರ್ಷಕ್ಕೆ ಇಂಥ ಕಟ್ಟಡ ಕಟ್ಟಿಸಿದ. 1934ರ ಡಿಸೆಂಬರ್ 27ರಂದು ಉದ್ಘಾಟನೆ. ಹತ್ತು ವರ್ಷದ ಮಗಳು ಮಾರ್ಗರೆಟ್ ಕೈಯಿಂದ ಪ್ರತಿಮೆಯ ಅನಾವರಣ. ಅದಾಗಿ ಒಂದು ವಾರಕ್ಕೆ ಸೆನೆಟರ್ ಆಗಿ ವಾಷಿಂಗ್ಟನ್‌ನಲ್ಲಿ ಪ್ರಮಾಣವಚನ.

ಕಟ್ಟಡಗಳ ಬಗ್ಗೆ ಗೊತ್ತಿರುವವರು ದಯವಿಟ್ಟು ಬರೆಯಿರಿ. ನಾನು ಸಾಫ್ಟ್‌ವೇರ್‌ನವನು, ನೋಡಿ ಖುಷಿಪಡುವುದಷ್ಟೇ ಗೊತ್ತು.

ತುಂಗಾತೀರ:

ಅಣ್ಣಾ, ಚೆನ್ನಾಗಿ ಬರೆದಿದ್ದೀರಿ. ಒಂದು ಅನುಮಾನ. ಟ್ರೂಮನ್ ವಕೀಲಿಕೆ ಓದಿ ಮುಗಿಸಿರಲಿಲ್ಲ ಅಂತ ಎಲ್ಲೋ ಓದಿದ ನೆನಪು. ಮತ್ತೆ ಜಡ್ಜ್ ಆಗಿದ್ದು ಹೇಗೆ? ಆ ಕಟ್ಟಡದಲ್ಲಿ ಆತ ಕೇಸು ನಡೆಸುತ್ತಿದ್ದನಾ?

ಕಪ್ಪುಕೋಟು:

ಮೇಡಂ, ಈ ಹೆಸರೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಆಗಿನ ಮಿಸೌರಿಯಲ್ಲಿ 'ಕೌಂಟಿ ಕೋರ್ಟ್' ಅಂದರೆ ಆಡಳಿತ ಮಂಡಳಿ. ರಸ್ತೆ, ಸೇತುವೆ, ಆಸ್ಪತ್ರೆ, ತೆರಿಗೆ, ಬಡವರ ಆಶ್ರಮ ಇವೆಲ್ಲ ಅವರ ಕೆಲಸ. ಅದರ ಮೂವರು ಸದಸ್ಯರನ್ನು ಜಡ್ಜ್ ಅಂತ ಕರೆಯುತ್ತಿದ್ದರು. ನಮ್ಮ ಕಡೆ ಹೇಳುವುದಾದರೆ ಜಿಲ್ಲಾ ಪಂಚಾಯಿತಿ ಅಧ್ಯಕ್ಷ ಮತ್ತು ಇಬ್ಬರು ಸದಸ್ಯರು ಅಂದುಕೊಳ್ಳಿ. ಪ್ರಿಸೈಡಿಂಗ್ ಜಡ್ಜ್ ಅಂದರೆ ಅಧ್ಯಕ್ಷ. ಕೇಸು ವಿಚಾರಣೆ ಮಾಡುವುದು ಸರ್ಕ್ಯೂಟ್ ಕೋರ್ಟ್, ಅದು ಬೇರೆಯೇ.

ಟ್ರೂಮನ್ 1922ರಲ್ಲಿ ಪೂರ್ವ ಭಾಗದ ಜಡ್ಜ್ ಆಗಿ ಗೆದ್ದ, 1924ರಲ್ಲಿ ಸೋತ, 1926ರಲ್ಲಿ ಪ್ರಿಸೈಡಿಂಗ್ ಜಡ್ಜ್ ಆಗಿ ಗೆದ್ದ, 1930ರಲ್ಲಿ ಮತ್ತೆ ಗೆದ್ದ. ನಡುವೆ ರಾತ್ರಿ ಕಾಲೇಜಿನಲ್ಲಿ ಕಾನೂನು ಓದುತ್ತಿದ್ದ. ಮುಗಿಸಲಿಲ್ಲ, ನಿಮಗಿರುವ ನೆನಪು ಸರಿ.

ಹಾಗಾಗಿ 'ಕೋರ್ಟ್‌ಹೌಸ್' ಅಂದಾಕ್ಷಣ ಬರೀ ನ್ಯಾಯಾಲಯ ಅಂತ ಓದಬೇಡಿ. ಜಿಲ್ಲಾಧಿಕಾರಿ ಕಚೇರಿ, ಸಬ್‌ರಿಜಿಸ್ಟ್ರಾರ್, ಖಜಾನೆ, ಕೋರ್ಟು ಎಲ್ಲ ಒಂದೇ ಸೂರಿನಡಿ ಇರುವ ಜಾಗ. ಮದುವೆ ನೋಂದಣಿಗೆ ಹೋಗುವವರೂ ಅಲ್ಲಿಗೇ, ಜಮೀನು ಪತ್ರಕ್ಕೆ ಹೋಗುವವರೂ ಅಲ್ಲಿಗೇ.

ಲೆಕ್ಕಪತ್ರ:

ಎಲ್ಲರೂ ಹೊಗಳುತ್ತಿರುವಾಗ ಹೀಗೆ ಕೇಳುವುದಕ್ಕೆ ಬೇಸರ ಮಾಡಿಕೊಳ್ಳಬೇಡಿ. 1933ರಲ್ಲಿ ಅಮೆರಿಕದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಬ್ಯಾಂಕುಗಳು ಮುಚ್ಚಿದ್ದವು. ಆ ಹೊತ್ತಿನಲ್ಲಿ ಇಷ್ಟು ದೊಡ್ಡ ಕಟ್ಟಡ, ಮುಂದೆ ಕಂಚಿನ ಕುದುರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಹಾಗಲ್ವಾ? ಅಥವಾ ರೂಸ್‌ವೆಲ್ಟ್ ಸರ್ಕಾರದ ದುಡ್ಡಾ ಇದು?

ಗಾರೆಕೆಲಸ:

ನ್ಯಾಯವಾದ ಪ್ರಶ್ನೆ. ನಾನು ಸಿವಿಲ್ ಎಂಜಿನಿಯರ್, ಹುಬ್ಬಳ್ಳಿಯವನು. ಹಳೇ ಟೆಂಡರ್ ಕಾಗದ ಓದುವ ಚಟ ಇದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದು, ಇದು ನ್ಯೂ ಡೀಲ್, ಅಂದರೆ ರೂಸ್‌ವೆಲ್ಟ್ ಸರ್ಕಾರದ ಪರಿಹಾರ ಯೋಜನೆಗಳ, ಕಟ್ಟಡ ಅಲ್ಲ. 1930ರ ದಶಕದ ಕೋರ್ಟ್‌ಹೌಸ್ ಕಂಡರೆ ಸಾಕು ಪಿಡಬ್ಲ್ಯುಎ (ಆ ಸರ್ಕಾರದ ಲೋಕೋಪಯೋಗಿ ಕಾಮಗಾರಿ ಸಂಸ್ಥೆ) ಅಂತ ಬರೆದುಬಿಡುತ್ತಾರೆ. ಪಿಡಬ್ಲ್ಯುಎ ಹುಟ್ಟಿದ್ದೇ 1933ರ ಜೂನ್‌ನಲ್ಲಿ. ಈ ಕಟ್ಟಡದ ಹಣವನ್ನು ಜನ ಅದಕ್ಕೂ ಎರಡು ವರ್ಷ ಮೊದಲು, 1931ರ ಮೇ ತಿಂಗಳಲ್ಲಿ, ಮತ ಹಾಕಿ ಒಪ್ಪಿದ್ದರು. ಕೌಂಟಿ ಬಾಂಡ್ ಮಾರಿ ಸಾಲ ಎತ್ತಬೇಕಾದರೆ ಅಲ್ಲಿ ಮೂರನೇ ಎರಡರಷ್ಟು ಮತ ಬೇಕಿತ್ತು. 1928ರಲ್ಲೂ ಟ್ರೂಮನ್ ಕೇಳಿದ್ದ. ಆಗ ಜನ ರಸ್ತೆಗೆ 65 ಲಕ್ಷ ಡಾಲರ್ ಕೊಟ್ಟರು, ಕೋರ್ಟ್‌ಹೌಸ್‌ಗೆ ಇಲ್ಲ ಅಂದರು. ಹೇಳಿದ ರಸ್ತೆಯನ್ನು ಹೇಳಿದ ಹಾಗೆ ಮಾಡಿ ತೋರಿಸಿದ ಮೇಲೆ 1931ರಲ್ಲಿ ಮತ್ತೆ ಕೇಳಿದ. ಕಾನ್ಸಾಸ್ ಸಿಟಿ ಕೋರ್ಟ್‌ಹೌಸ್‌ಗೆ 40 ಲಕ್ಷ, ಇಂಡಿಪೆಂಡೆನ್ಸ್ ಊರಿನ ಹಳೇ ಕೋರ್ಟ್‌ಹೌಸ್ ದುರಸ್ತಿಗೆ 2 ಲಕ್ಷ. ಈ ಸಲ ಒಪ್ಪಿದರು. ಗಮನಿಸಿ, ಕಾಲ ಚೆನ್ನಾಗಿದ್ದಾಗ ಇಲ್ಲ ಅಂದ ಜನ ಕಾಲ ಕೆಟ್ಟಾಗ ಹೂಂ ಅಂದಿದ್ದಾರೆ. ಅವರಿಗೆ ಬೇಕಿದ್ದದ್ದು ಕೂಲಿ. ಕಲ್ಲು ಕಡಿಯುವವನಿಗೆ, ಗಾರೆಯವನಿಗೆ, ಬಡಗಿಗೆ, ಪ್ಲಂಬರ್‌ಗೆ, ಬಣ್ಣದವನಿಗೆ ಕೆಲಸ ಅಂದರೆ ಅಷ್ಟು ಮನೆಗೆ ಊಟ. ಅವತ್ತು ಹಿಟ್ಟು ಬಂದದ್ದೇ ಆ ಮಲ್ಲಿಗೆಯಿಂದ ಸಾರ್.

ಎರಡನೆಯದು ಬೆಲೆ. 1929ರಿಂದ 1933ರ ನಡುವೆ ಅಮೆರಿಕದಲ್ಲಿ ಬೆಲೆಗಳು ಸುಮಾರು ಕಾಲು ಭಾಗ ಇಳಿದವು. ಕಾಂಟ್ರಾಕ್ಟರ್‌ಗಳಿಗೆ ಬೇರೆ ಕೆಲಸ ಇರಲಿಲ್ಲ. ಆಳುಗಳನ್ನು ಬಿಡಬಾರದು ಅಂತ ಕಡಿಮೆಗೇ ಟೆಂಡರ್ ಹಾಕುತ್ತಿದ್ದರು. ಮಂಜೂರಾದ ಮೊತ್ತ ಅಷ್ಟೇ, ಸಿಗುವ ಕಲ್ಲು ಜಾಸ್ತಿ, ಸಿಗುವ ಕೈಕೆಲಸ ಜಾಸ್ತಿ. ಅಮೆರಿಕದ ಊರೂರುಗಳಲ್ಲಿ ಆ ಐದಾರು ವರ್ಷದ ಸರ್ಕಾರಿ ಕಟ್ಟಡಗಳು ಅಷ್ಟು ಗಟ್ಟಿಮುಟ್ಟಾಗಿರಲು ಇದೇ ದೊಡ್ಡ ಕಾರಣ ಅನ್ನುವುದು ನನ್ನ ಲೆಕ್ಕ.

ಲೆಕ್ಕಪತ್ರ:

ಈಗ ಅರ್ಥವಾಯಿತು, ಧನ್ಯವಾದ. ಆದರೆ ಲೆಕ್ಕದ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಬೆಲೆ ಇಳಿಯುವಾಗ ಸಾಲ ಹಗುರಾಗುವುದಿಲ್ಲ, ಭಾರವಾಗುತ್ತದೆ. ಬಾಂಡ್‌ನ ಬಡ್ಡಿ ಕಟ್ಟಬೇಕಾದದ್ದು ತೆರಿಗೆಯಿಂದ. ಜೋಳದ ಬೆಲೆ ನೆಲಕಚ್ಚಿದಾಗ ಅದೇ ತೆರಿಗೆ ಕಟ್ಟಲು ರೈತ ಮೊದಲಿಗಿಂತ ಜಾಸ್ತಿ ಚೀಲ ಮಾರಬೇಕು. ಗಾರೆಯವನಿಗೆ ಕೂಲಿ ಸಿಕ್ಕಿತು ಸರಿ. ಆ ರೈತನ ಹೆಸರನ್ನೂ ಕಟ್ಟಡದ ಲೆಕ್ಕದಲ್ಲಿ ಬರೆಯಬೇಕು.

ಗಾರೆಕೆಲಸ:

ಖಂಡಿತ. ಇದನ್ನು ನಾನು ಯೋಚಿಸಿರಲಿಲ್ಲ.

ಸೇಂಟ್‌ಪಾಲ್_ಚಳಿ:

ಗಾರೆಕೆಲಸ ಅವರು ಹೇಳಿದ್ದಕ್ಕೆ ನಮ್ಮ ಊರಿನಷ್ಟು ಒಳ್ಳೆಯ ಸಾಕ್ಷಿ ಇಲ್ಲ. ಮಿನೆಸೋಟದ ಸೇಂಟ್ ಪಾಲ್‌ನಲ್ಲಿ ಸಿಟಿ ಹಾಲ್ ಮತ್ತು ರ‍್ಯಾಮ್ಸಿ ಕೌಂಟಿ ಕೋರ್ಟ್‌ಹೌಸ್ ಎರಡೂ ಸೇರಿ ಒಂದೇ ಕಟ್ಟಡ. 1932ರಲ್ಲಿ ಮುಗಿಯಿತು. ಇಲ್ಲಿಯೂ 40 ಲಕ್ಷ ಡಾಲರ್ ಬಾಂಡ್! 1929ರ ಆರ್ಥಿಕ ಕುಸಿತಕ್ಕೆ ಮೊದಲು, 1928ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಕಟ್ಟುವ ಹೊತ್ತಿಗೆ ಸಾಮಾನು, ಕೂಲಿ ಎರಡೂ ಅಗ್ಗವಾಗಿತ್ತು. ಉಳಿದ ಹಣವನ್ನು ಒಳಗಿನ ಕೆಲಸಕ್ಕೆ ಸುರಿದರು. ಬೇರೆ ಬೇರೆ ದೇಶಗಳ ಮರ, ಅಮೃತಶಿಲೆ, ಕಂಚು.

ನಾನು ಇಪ್ಪತ್ತು ಮಹಡಿಯ ಆ ಕಟ್ಟಡದ ಮುಂದೆಯೇ ಬಸ್ಸು ಕಾಯುತ್ತಿದ್ದೆ. ಒಂದು ದಿನ ಗೋಡೆಗೆ ಮುಖ ಹತ್ತಿರ ತಂದು ನೋಡಿದೆ. ಇಂಡಿಯಾನದ ಸುಣ್ಣಕಲ್ಲು ಅದು. ದೂರದಿಂದ ನುಣ್ಣಗೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಸಾಸಿವೆ ಗಾತ್ರದ ಚೂರುಗಳು, ಒಡೆದ ಚಿಪ್ಪುಗಳು, ಸಣ್ಣ ಉಂಗುರದಂಥ ಗುರುತುಗಳು. 30 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದಡಿ ಇದ್ದ ಜೀವಿಗಳು. ಬೆರಳಾಡಿಸಿದರೆ ಅಂಗೈಗೆ ಹಿಟ್ಟಿನ ಹಾಗೆ ಹತ್ತುತ್ತದೆ. ಈ ಕಲ್ಲಿಗೆ ಪದರ ಇಲ್ಲ, ಯಾವ ಕಡೆಯಿಂದ ಬೇಕಾದರೂ ಕೊಯ್ಯಬಹುದು. ಉದ್ದನೆಯ ನೇರ ಗೆರೆಗಳ ವಿನ್ಯಾಸಕ್ಕೆ ಅದು ಹೇಳಿ ಮಾಡಿಸಿದ್ದು.

ಒಳಗೆ ಹೋದರೆ ಮೂರು ಮಹಡಿ ಎತ್ತರದ ಒಂದು ಹಜಾರ. ಗೋಡೆಯೆಲ್ಲ ನೀಲಿ ಮಿಶ್ರಿತ ಕಪ್ಪು ಅಮೃತಶಿಲೆ. ಯುದ್ಧದಲ್ಲಿ ಸತ್ತ ಈ ಕೌಂಟಿಯವರ ಹೆಸರುಗಳನ್ನು ಗೋಡೆ ಮೇಲೆ ಬರೆದಿದ್ದಾರೆ. ಕೊನೆಯಲ್ಲಿ ಬೆಳ್ಳಗೆ ಹೊಳೆಯುತ್ತಾ ನಿಂತಿದೆ ಶಿಲ್ಪಿ ಕಾರ್ಲ್ ಮಿಲ್ಲೆಸ್ ಅವರು ಮಾಡಿದ ಪ್ರತಿಮೆ. ಮೆಕ್ಸಿಕೋದ ಬಿಳಿ ಓನಿಕ್ಸ್ ಕಲ್ಲು, ಸುಮಾರು 11 ಮೀಟರ್ ಎತ್ತರ, 60 ಟನ್ ತೂಕ. ಅದು ಕೆಳಗಿನ ಪೀಠದ ಮೇಲೆ ಬಹಳ ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗುತ್ತದೆ. ನಿಂತು ನೋಡಿದರೆ ಗೊತ್ತೇ ಆಗುವುದಿಲ್ಲ. ಮೇಲೆ ಹೋಗಿ ಕೆಲಸ ಮುಗಿಸಿ ಬಂದರೆ ಮುಖ ಬೇರೆ ಕಡೆ ಇರುತ್ತದೆ. ಸ್ಥಳೀಯ ಅಮೆರಿಕನ್ನರ ಶಾಂತಿಯ ಆಚರಣೆಯೊಂದನ್ನು ಓಕ್ಲಹೋಮದಲ್ಲಿ ಕಂಡಿದ್ದ ನೆನಪಿನಿಂದ ಮಿಲ್ಲೆಸ್ ಇದನ್ನು ಮಾಡಿದರು. 1936ರಲ್ಲಿ ನಿಲ್ಲಿಸಿದರು. 1994ರಲ್ಲಿ ಇದಕ್ಕೆ 'ವಿಷನ್ ಆಫ್ ಪೀಸ್' ಅಂತ ಹೊಸ ಹೆಸರಿಟ್ಟರು.

ಇನ್ನೊಂದು ಕೊಂಡಿ ಇದೆ, ನೋಡಿ. ಟ್ರೂಮನ್ ನೋಡಲು ಹೋದ ಊರುಗಳಲ್ಲಿ ರೆಸೀನ್ ಹೆಸರಿದೆಯಲ್ಲ. ಅಲ್ಲಿಯ 1931ರ ಕೋರ್ಟ್‌ಹೌಸ್ ವಿನ್ಯಾಸ ಶಿಕಾಗೋದ ಹೋಲಬರ್ಡ್ ಅಂಡ್ ರೂಟ್ ಅವರದ್ದು. ನಮ್ಮ ಸೇಂಟ್ ಪಾಲ್ ಕಟ್ಟಡಕ್ಕೂ ಅವರೇ, ಜೊತೆಗೆ ಎಲರ್ಬಿ ಸಂಸ್ಥೆ. ಲಿಂಕನ್‌ನಲ್ಲಿ ನೋಡಿದ್ದು ನೆಬ್ರಾಸ್ಕದ ವಿಧಾನಸಭೆಯ ಗೋಪುರ ಇರಬೇಕು. ಅದರ ಶಿಲ್ಪಿ ಲೀ ಲಾರಿ, ನಮ್ಮ ಬಾಗಿಲುಗಳ ಮೇಲಿನ ಉಬ್ಬುಶಿಲ್ಪಗಳೂ ಅವರ ಕೈಯದ್ದೇ. ಎಲ್ಲ ಒಂದೇ ಬಳಗ.

ಹಳೇಕಟ್ಟಡ_ಕೆಸಿ:

ಆಹಾ, ಪ್ರತಿಮೆ ತಿರುಗುವ ವಿಷಯ ಗೊತ್ತೇ ಇರಲಿಲ್ಲ! ಮಕ್ಕಳನ್ನು ಕರೆದುಕೊಂಡು ಬರುತ್ತೇನೆ.

ತುಂಗಾತೀರ:

ಕೋರ್ಟ್‌ಹೌಸ್ ಅಂದರೆ ನನಗೆ ಕಣ್ಣಿಗೆ ಬರುವುದು ಊರ ನಡುವೆ ಚೌಕ, ಚೌಕದ ನಡುವೆ ಗುಮ್ಮಟದ ಕಟ್ಟಡ, ಸುತ್ತ ಅಂಗಡಿ ಸಾಲು. ಅದನ್ನು ಬಿಟ್ಟು ಹೀಗೆ ಗೋಪುರದ ಹಾಗೆ ಏಕೆ ಕಟ್ಟಿದರು? ಜಾಗ ಸಾಲದೆಯಾ?

ಗಾರೆಕೆಲಸ:

ಜಾಗ ಒಂದು. ಕಡತ ಇನ್ನೊಂದು. 1920ರ ಹೊತ್ತಿಗೆ ಕೌಂಟಿಯ ಕೆಲಸ ಬಹಳ ಬೆಳೆದಿತ್ತು. ಕಾರು ಬಂದವು, ರಸ್ತೆ ಬಂದವು, ಜಮೀನು ವ್ಯವಹಾರ ಹೆಚ್ಚಿತು. ಕೋಣೆಗಳು ಬೇಕು, ಗುಮ್ಮಟ ಬೇಡ. ಲಿಫ್ಟ್ ಮತ್ತು ಉಕ್ಕಿನ ಚೌಕಟ್ಟು ಇದ್ದದ್ದರಿಂದ ಮೇಲೆ ಮೇಲೆ ಪೇರಿಸಬಹುದಿತ್ತು. ಕಾನ್ಸಾಸ್ ಸಿಟಿಯಲ್ಲಿ ಎಲ್ಲಕ್ಕಿಂತ ಮೇಲಿನ ಮಹಡಿಗಳಲ್ಲಿ ಕೌಂಟಿ ಜೈಲನ್ನೇ ಇಟ್ಟಿದ್ದರು. ಕೈದಿಯನ್ನು ವಿಚಾರಣೆಗೆ ತರುವುದು ಅಂದರೆ ಬೀದಿಗೆ ಇಳಿಸದೆ ಲಿಫ್ಟ್‌ನಲ್ಲಿ ಕೆಳಗೆ ತರುವುದು.

ಮೆಟ್ಟಿಲು ಮೆಟ್ಟಿಲಾಗಿ ಒಳಗೆ ಸರಿಯುವ ಆಕಾರ ನ್ಯೂಯಾರ್ಕ್‌ನಿಂದ ಬಂದದ್ದು. 1916ರಲ್ಲಿ ಅಲ್ಲಿ ಒಂದು ನಿಯಮ ತಂದರು. ಬೀದಿಗೆ ಬೆಳಕು ಗಾಳಿ ಬರಬೇಕಾದರೆ ಎತ್ತರ ಹೋದಂತೆ ಕಟ್ಟಡ ಹಿಂದೆ ಸರಿಯಬೇಕು. ನಿಯಮಕ್ಕಾಗಿ ಹುಟ್ಟಿದ ಆಕಾರ ಆಮೇಲೆ ಜನರ ಕಣ್ಣಿಗೆ ಚೆಂದ ಕಾಣತೊಡಗಿತು. ನಿಯಮ ಇಲ್ಲದ ಊರಲ್ಲೂ ಹಾಗೇ ಕಟ್ಟಿದರು. ಆರ್ಟ್ ಡೆಕೋ ಅನ್ನುತ್ತೇವಲ್ಲ, ಅದರ ಬೇರು 1925ರ ಪ್ಯಾರಿಸ್ ಪ್ರದರ್ಶನದಲ್ಲಿದೆ. ನೇರ ಗೆರೆ, ಮಡಿಸಿದ ಕಾಗದದಂಥ ಅಂಚು, ಚಪ್ಪಟೆ ಉಬ್ಬುಶಿಲ್ಪ. ಕೋರ್ಟ್‌ಹೌಸ್ ಕಟ್ಟುವವರು ಅದರ ಥಳಕು ಕಡಿಮೆ ಮಾಡಿ, ಹಳೇ ಗ್ರೀಕ್ ಕಟ್ಟಡಗಳ ಗಾಂಭೀರ್ಯ ಉಳಿಸಿಕೊಂಡರು. ಕಂಬಗಳು ಇವೆ, ಆದರೆ ಕಂಬದ ತಲೆ, ಬುಡ, ಕೆತ್ತನೆ ಇಲ್ಲ. ಗೋಡೆಯೇ ಕಂಬವಾಗಿದೆ. ಹಳೇಕಟ್ಟಡ ಅವರು ನೋಡಿದ ಆ ನೆರಳಿನ ಗೆರೆಗಳು ಅವೇ.

ವೈಟ್ ಸೋದರರ ಕೆಲಸವನ್ನು ಸಾಲಾಗಿ ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. 1933ರ ನೆಲ್ಸನ್ ಕಲಾ ಗ್ಯಾಲರಿಗೆ ನಿಜವಾದ ದುಂಡು ಕಂಬಗಳು. 1934ರ ಕೋರ್ಟ್‌ಹೌಸ್‌ನಲ್ಲಿ ಕಂಬ ಕರಗಿ ಗೋಡೆಗೆ ಸೇರಿದೆ. 1937ರ ಸಿಟಿ ಹಾಲ್ ಪೂರ್ತಿ ಗೋಪುರ. ಕೋರ್ಟ್‌ಹೌಸ್ ಎದುರೇ ಇದೆ.

ಹಳೇಕಟ್ಟಡ_ಕೆಸಿ:

ತುಂಗಾತೀರ ಅವರು ಕೇಳಿದ ಚೌಕದ ಕೋರ್ಟ್‌ಹೌಸ್ ಇದೇ ಕೌಂಟಿಯಲ್ಲಿದೆ! ಜಾಕ್ಸನ್ ಕೌಂಟಿಗೆ ಎರಡು ಕೋರ್ಟ್‌ಹೌಸ್. ಮೂಲ ಕೇಂದ್ರ ಇಂಡಿಪೆಂಡೆನ್ಸ್, ಟ್ರೂಮನ್‌ನ ಊರು. ಅಲ್ಲಿಯ ಚೌಕದ ನಡುವೆ ಕೆಂಪು ಇಟ್ಟಿಗೆಯ ಕಟ್ಟಡ, ಬಿಳಿ ಕಂಬಗಳು, ಮೇಲೆ ಬಿಳಿ ಗೋಪುರ. ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್ ನೆನಪಿಗೆ ಬರುತ್ತದೆ. ಈಗಿನ ಈ ರೂಪ ಬಂದದ್ದು 1933ರಲ್ಲಿ, ಸೆಪ್ಟೆಂಬರ್ 7ಕ್ಕೆ ಉದ್ಘಾಟನೆ. ಆರ್ಕಿಟೆಕ್ಟ್ ಡೇವಿಡ್ ಫ್ರೆಡರಿಕ್ ವಾಲೇಸ್, ಟ್ರೂಮನ್‌ನ ಹೆಂಡತಿಯ ತಮ್ಮ.

ಅದು ಹೊಸ ಕಟ್ಟಡವೂ ಅಲ್ಲ. ಒಳಗೆ 1836ರ ಕಟ್ಟಡದ ತಿರುಳಿದೆ. ಅದರ ಮೇಲೆ ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಗೋಡೆ ಸೇರಿಸುತ್ತಾ ಬಂದಿದ್ದಾರೆ, ಈರುಳ್ಳಿಯ ಪದರದ ಹಾಗೆ. ಟ್ರೂಮನ್ ಕಾಲದ್ದು ಕೊನೆಯ ಪದರ. ರಿಪೇರಿ ನಡೆಯುವಾಗ ಟ್ರೂಮನ್ ಮಂಡಳಿ ಸಭೆ ನಡೆಸಿದ್ದು ಎಲ್ಲಿ ಗೊತ್ತಾ? ಹತ್ತಿರದಲ್ಲೇ ಇರುವ 1827ರ ಮರದ ದಿಮ್ಮಿಗಳ ಕೋರ್ಟ್‌ಹೌಸ್‌ನಲ್ಲಿ. ಅದು ನಮ್ಮ ಹಳ್ಳಿಮನೆಯ ಪಡಸಾಲೆಯಷ್ಟಿದೆ.

ಒಂದೇ ಮನುಷ್ಯ, ಒಂದೇ ವರ್ಷದ ಮತ, ಒಂದೇ ಕೌಂಟಿಯ ದುಡ್ಡು. ನಗರದಲ್ಲಿ ಗೋಪುರ, ಹಳೇ ಊರಲ್ಲಿ ಇಟ್ಟಿಗೆಯ ಗುಡಿಯಂಥ ಕಟ್ಟಡ. ನಕಲು ಹೊಡೆಯುವುದು ಸುಲಭವಿತ್ತು. ಎರಡೂ ಊರಿನ ಮುಖ ನೋಡಿ ಕಟ್ಟಿಸಿದ್ದಾನೆ. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದದ್ದು ಇದೇ.

ಕಪ್ಪುಕೋಟು:

ಹೆಂಡತಿಯ ತಮ್ಮನಿಗೆ ಕೆಲಸ ಕೊಟ್ಟದ್ದನ್ನು ಅಷ್ಟು ಬೇಗ ದಾಟಿ ಹೋಗಬಾರದು. ಇನ್ನೊಂದು ದೊಡ್ಡ ವಿಷಯವನ್ನು ಇಲ್ಲಿಯವರೆಗೆ ಯಾರೂ ಎತ್ತಿಲ್ಲ. ಟಾಮ್ ಪೆಂಡರ್‌ಗಾಸ್ಟ್, ಊರಿನ ರಾಜಕೀಯ ಧಣಿ.

ಆಗ ಕಾನ್ಸಾಸ್ ಸಿಟಿಯಲ್ಲಿ ಹುಲ್ಲುಕಡ್ಡಿ ಅಲ್ಲಾಡಬೇಕಾದರೂ ಪೆಂಡರ್‌ಗಾಸ್ಟ್ ಒಪ್ಪಿಗೆ ಬೇಕಿತ್ತು. ಟ್ರೂಮನ್‌ಗೆ ಟಿಕೆಟ್ ಸಿಕ್ಕಿದ್ದೂ ಆ ಬಳಗದಿಂದಲೇ. ಪೆಂಡರ್‌ಗಾಸ್ಟ್‌ಗೆ ರೆಡಿಮಿಕ್ಸ್ ಕಾಂಕ್ರೀಟ್ ಕಂಪನಿ ಇತ್ತು. ಊರಿನಲ್ಲಿ ದೊಡ್ಡ ಕಾಮಗಾರಿ ಎದ್ದಷ್ಟೂ ಆತನಿಗೆ ಲಾಭ. 1931ರ ಬಾಂಡ್ ಮತದಾನಕ್ಕೆ ಆತನ ರಾಜಕೀಯ ಬಳಗವೆಲ್ಲ ಬೆನ್ನಿಗೆ ನಿಂತಿತ್ತು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಕಾಲದಲ್ಲೂ ಇರುತ್ತಾರೆ. 1939ರಲ್ಲಿ ಆದಾಯ ತೆರಿಗೆ ವಂಚನೆಗೆ ಪೆಂಡರ್‌ಗಾಸ್ಟ್ ಜೈಲಿಗೆ ಹೋದ.

ಟ್ರೂಮನ್ ಸ್ವಂತಕ್ಕೆ ದುಡ್ಡು ಮುಟ್ಟಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ರಸ್ತೆ ಕೆಲಸದಲ್ಲಿ ಎಲ್ಲರಿಗಿಂತ ಕಡಿಮೆ ಹಾಕಿದವರಿಗೇ ಟೆಂಡರ್ ಕೊಟ್ಟ, ಹೊರ ರಾಜ್ಯದವರಾದರೂ ಸರಿ. ಪೆಂಡರ್‌ಗಾಸ್ಟ್ ಕಡೆಯ ಕಾಂಟ್ರಾಕ್ಟರ್‌ಗಳು ಎದುರು ಕೂತು ಕೇಳಿದಾಗಲೂ ಆಗುವುದಿಲ್ಲ ಅಂದ. ಆದರೆ ಪೂರ್ತಿ ಕೈ ತೊಳೆದುಕೊಳ್ಳಲು ಆಗಲಿಲ್ಲ. ಅದನ್ನು ಆತನೇ ಬರೆದಿಟ್ಟಿದ್ದಾನೆ. ಕಾನ್ಸಾಸ್ ಸಿಟಿಯ ಪಿಕ್‌ವಿಕ್ ಹೋಟೆಲಿನಲ್ಲಿ ಒಬ್ಬನೇ ಕೋಣೆ ಹಿಡಿದು ಕೂತು ಬರೆದ ಖಾಸಗಿ ಟಿಪ್ಪಣಿಗಳು ಉಳಿದಿವೆ. ಜೊತೆಗಾರನೊಬ್ಬನನ್ನು ಸಮಾಧಾನ ಮಾಡಲು ಕೌಂಟಿಯ ಹಣದಲ್ಲಿ ಸುಮಾರು 10,000 ಡಾಲರ್ ಕದಿಯಲು ಬಿಡಬೇಕಾಯಿತು, ಬಾಂಡ್ ಹಣದಲ್ಲಿ ಹತ್ತಾರು ಲಕ್ಷ ಹೋಗದಂತೆ ತಡೆಯಲು ಹಾಗೆ ಮಾಡಿದೆ, ನಾನು ಮಾಡಿದ್ದು ಸರಿಯೋ, ಅಪರಾಧದಲ್ಲಿ ನಾನೂ ಪಾಲುದಾರನೋ, ಗೊತ್ತಿಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದಾನೆ.

ಆ ಕಟ್ಟಡವನ್ನು ಹೊಗಳುವಾಗ ಈ ಹಾಳೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳೋಣ.

ಹಳೇಕಟ್ಟಡ_ಕೆಸಿ:

ಸರ್, ನೀವು ಹೇಳಿದ್ದನ್ನು ಎರಡು ದಿನ ಯೋಚಿಸಿದೆ. ಅದಕ್ಕೇ ತಡವಾಗಿ ಬರೆಯುತ್ತಿದ್ದೇನೆ.

10,000 ಬಿಟ್ಟದ್ದು ಸರಿ ಅಂತ ನಾನು ವಾದ ಮಾಡುವುದಿಲ್ಲ. ಆದರೆ ಆ ಟಿಪ್ಪಣಿ ಓದಿದ ಮೇಲೆ ನನಗೆ ಕಟ್ಟಡದ ಬೆಲೆ ಕಡಿಮೆ ಅನಿಸಲಿಲ್ಲ. ಸುತ್ತ ಎಲ್ಲರೂ ಬಾಚಿಕೊಳ್ಳುವಾಗ ಜನರ 40 ಲಕ್ಷವನ್ನು ಕಲ್ಲಾಗಿ, ಕಂಚಾಗಿ, ಕೋಣೆಯಾಗಿ ಮಾಡಿ ತೋರಿಸುವುದು ಎಷ್ಟು ಕಷ್ಟ ಅಂತ ತಿಳಿಯಿತು. 24,000 ಮೈಲಿ ಕಾರು ಓಡಿಸಿದ್ದು ಏಕೆ ಅಂತಲೂ ತಿಳಿಯಿತು. ಕಾಂಟ್ರಾಕ್ಟರ್ ಏನು ಹೇಳಿದರೂ, ನಾನು ನೋಡಿದ್ದೇನೆ, ಅಲ್ಲಿ ಹೀಗೆ ಮಾಡಿದ್ದಾರೆ ಅಂತ ಎದುರು ಮಾತಾಡಬಹುದಲ್ಲ.

ಇನ್ನೊಂದು ವಿಷಯ. ರಸ್ತೆ ಅಗಲ ಮಾಡುವಾಗ ಟ್ರೂಮನ್‌ನ ಅಮ್ಮನ ಹೊಲದ 11 ಎಕರೆ ಹೋಯಿತು. ಜಡ್ಜ್‌ನ ತಾಯಿ ಅನ್ನುವ ಕಾರಣಕ್ಕೇ ಪರಿಹಾರ ಕೊಡಿಸಲಿಲ್ಲ. 1940ರಲ್ಲಿ ಸಾಲ ತೀರಿಸಲಾಗದೆ ಗ್ರಾಂಡ್‌ವ್ಯೂನ ಆ ಹೊಲವೂ ಹರಾಜಾಯಿತು. ಹರಾಜು ಹಾಕಿದ್ದು ಇದೇ ಜಾಕ್ಸನ್ ಕೌಂಟಿ. ಮುದುಕಿ ಮನೆ ಬಿಟ್ಟು ಬೇರೆ ಮನೆಗೆ ಹೋಗಬೇಕಾಯಿತು. ಅಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಮಗ ಆಗ ಸೆನೆಟರ್.

ಕಪ್ಪುಕೋಟು:

ಹೊಲದ ವಿಷಯ ನನಗೆ ಗೊತ್ತಿರಲಿಲ್ಲ. ಮನಸ್ಸಿಗೆ ತಟ್ಟಿತು.

ನವಿಲುಗರಿ:

ನಾನು ಲೀಸ್ ಸಮ್ಮಿಟ್‌ನಲ್ಲಿದ್ದೇನೆ, ಇದೇ ಕೌಂಟಿ. ಎಲ್ಲವನ್ನೂ ಓದಿದೆ. ಕುದುರೆಯ ಪ್ರತಿಮೆ ಬಗ್ಗೆ ಮಾತ್ರ ಯಾರೂ ನಿಂತು ಮಾತಾಡಿಲ್ಲ.

ಪ್ರತಿಮೆ ಮಾಡಿದ್ದು ಚಾರ್ಲ್ಸ್ ಕೆಕ್. ವರ್ಜೀನಿಯಾದ ಷಾರ್ಲಟ್ಸ್‌ವಿಲ್‌ನಲ್ಲಿದ್ದ ಅವರ ಸ್ಟೋನ್‌ವಾಲ್ ಜಾಕ್ಸನ್ ಪ್ರತಿಮೆ ನೋಡಿ ಟ್ರೂಮನ್ ಅವರನ್ನು ಆರಿಸಿದ. ಅದು ಬೇರೆ ಜಾಕ್ಸನ್, ಅಂತರ್ಯುದ್ಧದ ದಂಡನಾಯಕ. ಇಲ್ಲಿರುವವನು ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್, ಕೌಂಟಿಗೆ ಹೆಸರು ಬಂದದ್ದು ಈತನಿಂದ. ಅಳತೆ ತಪ್ಪಬಾರದು ಅಂತ ಟ್ರೂಮನ್ ನ್ಯಾಶ್‌ವಿಲ್ ಹತ್ತಿರದ ಜಾಕ್ಸನ್ ಮನೆಗೆ ಹೋಗಿ ಅಲ್ಲಿಟ್ಟಿದ್ದ ಆತನ ಉಡುಪಿನ ಅಳತೆ ತೆಗೆಸಿದ. ನಿಜವಾದ ಕುದುರೆ ಮೇಲೆ ನಿಜವಾದ ಮನುಷ್ಯ ಕಾಣಬೇಕು ಅನ್ನುವುದು ಆತನ ಹಟ. ಬಟ್ಟೆ ಅಂಗಡಿ ನಡೆಸಿದವನು ಅಲ್ವಾ, ಕೋಟಿನ ಅಳತೆಯ ಬೆಲೆ ಗೊತ್ತಿತ್ತು. ಇಂಡಿಪೆಂಡೆನ್ಸ್ ಚೌಕದಲ್ಲೂ ಕೆಕ್ ಮಾಡಿದ ಜಾಕ್ಸನ್ ಇದೆ, 1949ರದ್ದು.

ಆದರೆ ಆ ಜಾಕ್ಸನ್ ಗುಲಾಮರನ್ನು ಇಟ್ಟುಕೊಂಡಿದ್ದವನು. 1830ರಲ್ಲಿ ಸ್ಥಳೀಯ ಅಮೆರಿಕನ್ನರನ್ನು ಅವರ ನೆಲದಿಂದ ಎಬ್ಬಿಸುವ ಕಾಯ್ದೆಗೆ ಸಹಿ ಹಾಕಿದವನು. ಚೆರೋಕಿಗಳು ದಾರಿಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸತ್ತರು. 2020ರ ನವೆಂಬರ್‌ನಲ್ಲಿ ಎರಡೂ ಪ್ರತಿಮೆಗಳನ್ನು ತೆಗೆಯಬೇಕೇ ಅಂತ ಕೌಂಟಿ ನಮ್ಮನ್ನೇ ಕೇಳಿತು. ನಾನು ತೆಗೆಯಿರಿ ಅಂತ ಮತ ಹಾಕಿದೆ. ಹೆಚ್ಚು ಜನ ಇರಲಿ ಅಂದರು. ಅದಕ್ಕೂ ಮೊದಲೇ, ಜಾಕ್ಸನ್ ಏನು ಮಾಡಿದ ಅನ್ನುವುದನ್ನು ಬರೆದ ಫಲಕ ಹಾಕಲು ಕೌಂಟಿ ತೀರ್ಮಾನಿಸಿತ್ತು. ಅತ್ತ ಷಾರ್ಲಟ್ಸ್‌ವಿಲ್‌ನ ಪ್ರತಿಮೆಯನ್ನು 2021ರಲ್ಲಿ ತೆಗೆದರು.

ನನ್ನ ಮಗಳು ಆಗ ಒಂಬತ್ತು ವರ್ಷದವಳು. ಪ್ರತಿಮೆ ನೋಡಿ, 'ಅಮ್ಮ, ಕುದುರೆಯನ್ನು ಮಾತ್ರ ಬಿಡಬಹುದಿತ್ತು' ಅಂದಳು. ಕೆಲಸ ಅಷ್ಟು ಚೆನ್ನಾಗಿದೆ, ಅದು ನಿಜ. ಅದಕ್ಕೇ ನನಗೆ ಅದನ್ನು ನೋಡುವುದು ಕಷ್ಟ.

ಸೇಂಟ್‌ಪಾಲ್_ಚಳಿ:

ನವಿಲುಗರಿ ಅಕ್ಕ, ಇದನ್ನು ಓದಿದ ಮೇಲೆ ನಮ್ಮ ಊರಿನ ಪ್ರತಿಮೆ ಬೇರೆ ರೀತಿ ಕಾಣುತ್ತಿದೆ. ಎರಡು ಕೌಂಟಿ, ಒಂದೇ ದಶಕ. ಒಬ್ಬರು ಜಾಕ್ಸನ್‌ನನ್ನು ನಿಲ್ಲಿಸಿದರು, ಇನ್ನೊಬ್ಬರು ಆತ ಯಾರನ್ನು ಓಡಿಸಿದನೋ ಆ ಜನರ ಪ್ರಾರ್ಥನೆಯನ್ನು ನಿಲ್ಲಿಸಿದರು. ಮಿಲ್ಲೆಸ್ ಆ ಆಚರಣೆ ನೋಡಿದ್ದು ಓಕ್ಲಹೋಮದಲ್ಲಿ. ಚೆರೋಕಿಗಳನ್ನು ಅಟ್ಟಿದ್ದೂ ಅಲ್ಲಿಗೇ.

ತುಂಗಾತೀರ:

ಇಷ್ಟು ಓದಿದ ಮೇಲೆ ಮನೆಯಲ್ಲಿ ಕೂರಲು ಆಗುತ್ತಿಲ್ಲ. ಹಳೇಕಟ್ಟಡ ಅಣ್ಣ, ಒಂದು ಶನಿವಾರ ಎಲ್ಲರೂ ಹೋಗೋಣವಾ? ಎಲ್ಲಿಂದ ಶುರು ಮಾಡಬೇಕು?

ಹಳೇಕಟ್ಟಡ_ಕೆಸಿ:

ಹೋಗೋಣ. ಇಂಡಿಪೆಂಡೆನ್ಸ್‌ನಿಂದ ಶುರು ಮಾಡೋಣ. ಮೊದಲು ದಿಮ್ಮಿಯ ಕೋರ್ಟ್‌ಹೌಸ್, ಆಮೇಲೆ ನಡೆದುಕೊಂಡು ಚೌಕ. ಚೌಕದಲ್ಲಿ ಟ್ರೂಮನ್ ಪ್ರತಿಮೆಯೂ ಇದೆ, 1976ರಲ್ಲಿ ಅಧ್ಯಕ್ಷ ಫೋರ್ಡ್ ಬಂದು ಅನಾವರಣ ಮಾಡಿದ್ದು. ಆಮೇಲೆ ಟ್ರೂಮನ್ ಲೈಬ್ರರಿ. 1957ರಲ್ಲಿ ತೆರೆದ ಅದರ ವಿನ್ಯಾಸಕ್ಕೂ ಶ್ರೀವ್‌ಪೋರ್ಟ್‌ನ ಅದೇ ನೀಲ್ಡ್ ಅವರನ್ನು ಕರೆಸಿದ್ದರು. ಕೆಲಸ ಮುಗಿಯುವ ಮೊದಲೇ, 1955ರಲ್ಲಿ, ಅವರು ತೀರಿಕೊಂಡರು. ಒಳಗೆ ಬಿಡುವ ಸಮಯವನ್ನು ನಾನು ಫೋನ್ ಮಾಡಿ ವಿಚಾರಿಸಿ ಹೇಳುತ್ತೇನೆ.

ಕಾನ್ಸಾಸ್ ಸಿಟಿ ಕೋರ್ಟ್‌ಹೌಸ್‌ಗೆ ಮಾತ್ರ ಸಂಜೆ ಹೋಗೋಣ. ಮುಖ್ಯ ಬಾಗಿಲಿಗೆ ನೇರ ಎದುರು ನಿಲ್ಲಬೇಡಿ, ಸ್ವಲ್ಪ ಓರೆಯಾಗಿ ನಿಂತರೆ ಆ ಕಂಬಗಳ ಆಳ ಕಾಣುತ್ತದೆ.

ನವಿಲುಗರಿ:

ನಾನೂ ಮಗಳೂ ಬರುತ್ತೇವೆ. ಫಲಕವನ್ನು ಅವಳು ಕನ್ನಡದಲ್ಲಿ ಓದಿ ಹೇಳುತ್ತಾಳಂತೆ.

ಗಾರೆಕೆಲಸ:

ನಾನು ಹುಬ್ಬಳ್ಳಿಯಿಂದ ಬರಲಾರೆ. ಯಾರಾದರೂ ಕಲ್ಲಿನ ಸಂದು ಹತ್ತಿರದಿಂದ ಫೋಟೋ ತೆಗೆದು ಹಾಕಿ. ಸಂದಿಗೆ ತುಂಬಿರುವ ಗಾರೆ ಮೂಲದ್ದೋ ಆಮೇಲೆ ತುಂಬಿದ್ದೋ ಅಂತ ನೋಡಬೇಕು. ಪಕ್ಕದಲ್ಲಿ ಒಂದು ನಾಣ್ಯ ಹಿಡಿಯಿರಿ, ಅಗಲ ತಿಳಿಯುತ್ತದೆ.